ಚಿತ್ರದಲ್ಲಿರುವ ಗಿಡ ಕೇಸರಿ ಬೇಳೆಯದಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ಪುರವಣಿಯಲ್ಲಿ ಬೇಳೆಕಾಳುಗಳ ಕಲಬೆರಕೆ ಕುರಿತ ಲೇಖನ ಓದಿದೆ. ಮನೆಮನೆಗೂ ಬೇಕಾದ ವಿಷಯ, ತಿಳಿಯುವ ಹಾಗೆ ಬರೆದಿದ್ದಾರೆ. ಆದರೆ ಪುಟದ ನಡುವೆ ದೊಡ್ಡದಾಗಿ ಹಾಕಿದ ಬಣ್ಣದ ಚಿತ್ರವನ್ನೂ ಅದರ ಕೆಳಗಿನ 'ಕಾಲು ಕಸಿಯುವ ಕೇಸರಿ ಬೇಳೆಯ ಗಿಡ' ಎಂಬ ಸಾಲನ್ನೂ ನೋಡಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಕೇಸರಿ ಬೇಳೆ ಎಂದರೆ ತೊಗರಿ, ಕಡಲೆ ಬೇಳೆಗೆ ಬೆರೆಸುವ, ತಿಂಗಳುಗಟ್ಟಲೆ ಅದನ್ನೇ ತಿಂದವರ ಕಾಲಿನ ಸ್ವಾಧೀನ ಕಳೆಯುವ ಕಾಳು. ಆ ಗಿಡ ಕೇಸರಿ ಬೇಳೆಯದಲ್ಲ. ಅದರ ದಾಯಾದಿ ಗಿಡ. ಇಂಗ್ಲಿಷಿನಲ್ಲಿ ವೆಚ್ ಅನ್ನುತ್ತಾರೆ, ಹಿಂದಿ ಸೀಮೆಯ ರೈತರು ಅಕ್ರಿ, ಅಂಕ್ರಿ, ಅಕ್ಟಾ ಎಂದು ಊರಿಗೊಂದು ಹೆಸರಿನಿಂದ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ವಿಸಿಯಾ ಸಟೈವಾ. ಕೇಸರಿ ಬೇಳೆ ಲ್ಯಾಥಿರಸ್ ಸಟೈವಸ್. ಎರಡಕ್ಕೂ 1753ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್. ಸಟೈವಾ, ಸಟೈವಸ್ ಎಂದರೆ ಬಿತ್ತಿ ಬೆಳೆಯುವಂಥದ್ದು. ಹೆಸರಿನ ಬಾಲ ಒಂದೇ, ಮನೆತನವೂ ಒಂದೇ. ಬಟಾಣಿ, ಮಸೂರ ಕೂಡ ಅದೇ ಮನೆತನದವು. ಇಂಗ್ಲಿಷಿನಲ್ಲಿ ಕೇಸರಿಯನ್ನೂ 'ಚಿಕ್ಲಿಂಗ್ ವೆಚ್' ಎಂದು ಕರೆಯುವುದುಂಟು. ಹಾಗಾಗಿ ಚಿತ್ರ ಹುಡುಕಿದವರಿಗೆ ಗೊಂದಲವಾದದ್ದು ನನಗೆ ಅರ್ಥವಾಗುತ್ತದೆ. ಆದರೂ ಈ ಎರಡು ಗಿಡಗಳನ್ನು ಅದಲುಬದಲು ಮಾಡುವುದು ಸಣ್ಣ ತಪ್ಪಲ್ಲ. ಈ ದೇಶದಲ್ಲಿ ಇದೇ ತಪ್ಪು ಒಮ್ಮೆ ದೊಡ್ಡವರಿಂದಲೇ ಆಗಿ, ಸುಮಾರು ನಲವತ್ತು ವರ್ಷ ನಿಂತಿತ್ತು. ಅದನ್ನು ಹೇಳಲೆಂದೇ ಪತ್ರ ಇಷ್ಟು ಉದ್ದವಾಗಿದೆ.

ಮೊದಲು ಚಿತ್ರದ ವಿಷಯ. ಪುರವಣಿ ಮನೆಯಲ್ಲಿದ್ದರೆ ದಯವಿಟ್ಟು ತೆಗೆದು ನೋಡಿ. ಬಲಗಡೆಯ ಎಲೆಯಲ್ಲಿ ನಾನು ಆರು ಜೊತೆ ಕಿರುಎಲೆ ಎಣಿಸಿದೆ. ನಮ್ಮ ನುಗ್ಗೆ, ಹುಣಸೆ ಎಲೆಗಳ ಹಾಗೆ ಕಡ್ಡಿಯ ಎರಡೂ ಬದಿಗೆ ಸಾಲಾಗಿವೆ, ಕಡ್ಡಿಯ ತುದಿ ಬಳ್ಳಿಕುಡಿಯಾಗಿ ಸುರುಳಿ ಸುತ್ತಿದೆ. ಕೇಸರಿ ಗಿಡದ ಎಲೆಯಲ್ಲಿ ಇಷ್ಟು ಕಿರುಎಲೆ ಇರುವುದೇ ಇಲ್ಲ. ಸಾಮಾನ್ಯವಾಗಿ ಇರುವುದು ಒಂದೇ ಜೊತೆ. ಅವೂ ಹುಲ್ಲಿನ ಗರಿಯಂತೆ ಉದ್ದ, ಕಿರಿದು. ಹುಲ್ಲಿನ ನಡುವೆ ನಿಂತರೆ ಹೂ ಬಿಡುವ ತನಕ ಗಿಡ ಇದೆ ಎಂದು ಗೊತ್ತಾಗುವುದೇ ಕಷ್ಟ. ಕೇಸರಿಯ ಕಾಂಡದ ಎರಡು ಅಂಚಿಗೂ ತೆಳ್ಳಗೆ ಹಸಿರು ಪಟ್ಟಿ ಇರುತ್ತದೆ, ಸೀರೆಯ ಅಂಚಿನ ಹಾಗೆ. ಬೆರಳ ನಡುವೆ ಹಿಡಿದು ಹೊರಳಿಸಿದರೆ ಚಪ್ಪಟೆ ಅನಿಸುತ್ತದೆ. ವೆಚ್ ಕಾಂಡಕ್ಕೆ ಆ ರೆಕ್ಕೆಯಿಲ್ಲ, ಬರೀ ಗೆರೆಗಳು. ಇನ್ನು ಹೂವು. ಚಿತ್ರದಲ್ಲಿ ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಎರಡು ಹೂ ಎಲೆಯ ಕಂಕುಳಲ್ಲೇ ಅಂಟಿಕೊಂಡಂತೆ ಕೂತಿವೆ. ಕೇಸರಿಯ ಹೂವು ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಸಾಮಾನ್ಯವಾಗಿ ತಿಳಿ ನೀಲಿ, ಕೆಲವು ಕಡೆ ಬಿಳಿ. ಹೆಸರು ಕೇಳಿ ಕೇಸರಿ ಬಣ್ಣದ ಹೂವೋ ಕಾಳೋ ಇರಬೇಕೆಂದು ಬಹಳ ಜನ ತಿಳಿದಿದ್ದಾರೆ. ನನ್ನ ವಿದ್ಯಾರ್ಥಿಗಳೂ ಹಾಗೇ ತಿಳಿದಿದ್ದರು.

ಚಿತ್ರದಲ್ಲಿ ಇನ್ನೊಂದು ಸಾಕ್ಷಿಯೂ ಇದೆ. ಎಲೆಯ ಬುಡದಲ್ಲಿ, ಕಾವಿನೆಲೆಯ (ಎಲೆತೊಟ್ಟು ಕಾಂಡಕ್ಕೆ ಸೇರುವಲ್ಲಿರುವ ಪುಟ್ಟ ಎಲೆ) ಮೇಲೆ, ಒಂದು ಇರುವೆ ಕೂತಿದೆ. ಅದು ಅಲ್ಲಿಗೆ ಸುಮ್ಮನೆ ಬಂದದ್ದಲ್ಲ. ವೆಚ್ ಗಿಡದ ಕಾವಿನೆಲೆಯ ಕೆಳಮೈಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ನೇರಳೆ ಚುಕ್ಕೆ ಇರುತ್ತದೆ. ಅದು ಮಕರಂದದ ಗ್ರಂಥಿ. ಹೂವು ಬಿಡುವ ಮೊದಲೇ ಅಲ್ಲಿ ಸಿಹಿ ಒಸರುತ್ತದೆ, ಇರುವೆಗಳು ಅದಕ್ಕಾಗಿ ಗಿಡ ಹತ್ತುತ್ತವೆ. ಕೇಸರಿ ಗಿಡದಲ್ಲಿ ಈ ಚುಕ್ಕೆ ಇಲ್ಲ.

ನಾನು ಇದನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ಹಾವೇರಿ ಜಿಲ್ಲೆಯ ಕಾಲೇಜುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. 1998ರ ಜನವರಿಯಲ್ಲಿ ನನ್ನ ತಂಗಿಯ ಬಾಣಂತನಕ್ಕೆಂದು ಭಿಲಾಯಿಗೆ ಹೋಗಿದ್ದೆ. ಅವಳ ಯಜಮಾನರಿಗೆ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಛತ್ತೀಸಗಡ ಇನ್ನೂ ಬೇರೆ ರಾಜ್ಯವಾಗಿರಲಿಲ್ಲ, ಅದೆಲ್ಲ ಆಗ ಮಧ್ಯಪ್ರದೇಶ. ಕ್ವಾರ್ಟರ್ಸ್ ದಾಟಿ ಅರ್ಧ ಗಂಟೆ ನಡೆದರೆ ಭತ್ತದ ಗದ್ದೆ. ಭತ್ತ ಕೊಯ್ದು ಎಷ್ಟೋ ದಿನವಾಗಿತ್ತು, ಆದರೆ ಗದ್ದೆ ಖಾಲಿ ಇರಲಿಲ್ಲ. ಕೂಳೆಯ ನಡುವೆ ಮೊಣಕಾಲೆತ್ತರ ಹಸಿರು, ಅದರ ಮೇಲೆಲ್ಲ ನೀಲಿ ಹೂವು. ಅಲ್ಲಿಯವರು ತಿವ್ರಾ ಎಂದರು. ಅದೇ ಕೇಸರಿ. ಭತ್ತ ಇನ್ನೂ ನಿಂತಿರುವಾಗಲೇ, ಕೊಯ್ಲಿಗೆ ಹತ್ತು ಹದಿನೈದು ದಿನ ಇದೆ ಅನ್ನುವಾಗ, ಹಸಿ ಗದ್ದೆಗೆ ಬೀಜ ಎರಚಿಬಿಡುತ್ತಾರೆ. ಉತೇರಾ ಅನ್ನುತ್ತಾರೆ ಆ ಪದ್ಧತಿಗೆ. ಉಳುಮೆಯಿಲ್ಲ, ಗೊಬ್ಬರವಿಲ್ಲ, ನೀರು ಹಾಯಿಸುವುದಿಲ್ಲ. ಉಳಿದ ತೇವದಲ್ಲೇ ಬೆಳೆ ಬರುತ್ತದೆ. ಹೆಂಗಸರು ಕುಡಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು, ತಿವ್ರಾ ಭಾಜಿ ಮಾಡಲಿಕ್ಕೆ. ತಂಗಿಯ ಮನೆಯಲ್ಲೂ ಒಂದು ದಿನ ಮಾಡಿದರು. ನಮ್ಮ ಕಡಲೆ ಸೊಪ್ಪಿನ ಪಲ್ಯ ನೆನಪಾಯಿತು, ಹುಳಿ ಮಾತ್ರ ಇರಲಿಲ್ಲ.

ಆ ನೀಲಿಯ ನಡುವೆ ಅಲ್ಲೊಂದು ಇಲ್ಲೊಂದು ಗುಲಾಬಿ ಹೂವು ಕಂಡವು. ಬಗ್ಗಿ ನೋಡಿದರೆ ವೆಚ್. ಕೇಸರಿಯ ಮೇಲೇ ಬಳ್ಳಿಕುಡಿ ಚಾಚಿ ಹತ್ತಿ, ಅದರ ಜೊತೆಗೇ ಹೂ ಬಿಟ್ಟು ಅದರ ಜೊತೆಗೇ ಕಾಯಾಗುವ ಕಳೆ. ಜೊತೆಗೇ ಬಲಿಯುವುದರಿಂದ ಕೊಯ್ಲಲ್ಲಿ ಎರಡೂ ಒಂದೇ ಕಣಕ್ಕೆ ಬರುತ್ತವೆ, ಮುಂದಿನ ವರ್ಷ ಬಿತ್ತನೆ ಬೀಜದಲ್ಲೂ ಎರಡೂ ಇರುತ್ತವೆ. ಕಾಯಿ ಬಿಡಿಸಿ ಕೈಯಲ್ಲಿಟ್ಟುಕೊಂಡರೆ ಮಕ್ಕಳೂ ಬೇರೆ ಮಾಡಿಯಾರು. ಕೇಸರಿಯ ಕಾಯಿ ಗಿಡ್ಡ, ಚಪ್ಪಟೆ, ಬೆನ್ನಿನ ಮೇಲೆ ಎರಡು ಏಣು. ಒಳಗೆ ಮೂರೋ ನಾಲ್ಕೋ ಕಾಳು, ಒಂದೊಂದೂ ಪುಟ್ಟ ಕೊಡಲಿಯ ತಲೆಯಂತೆ ಮೂಲೆ ಮೂಲೆ. ವೆಚ್ ಕಾಯಿ ಸಪೂರ, ಉದ್ದ. ಒಣಗಿದರೆ ಕಪ್ಪಾಗಿ, ಬಿಸಿಲಿಗೆ ತಿರುಚಿಕೊಂಡು ಸಿಡಿಯುತ್ತದೆ. ಕಾಳು ದುಂಡಗೆ, ಕಂದು ಇಲ್ಲವೆ ಕಪ್ಪು. ನಾನು ಎರಡು ಗಿಡಗಳನ್ನೂ ಬೇರು ಸಹಿತ ಕಿತ್ತು, ಊರಿಂದ ಚಕ್ಕುಲಿ ಡಬ್ಬಿಗೆ ಸುತ್ತಿ ಒಯ್ದಿದ್ದ ನಿಮ್ಮ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟೆ. ಟ್ರಂಕಿನ ತಳದಲ್ಲಿ ಅವು ನನ್ನೊಂದಿಗೆ ಹಾವೇರಿಗೆ ಬಂದವು. ಮುಂದೆ ಪ್ರತಿ ವರ್ಷ ಲೆಗ್ಯೂಮ್ ಕುಟುಂಬದ ಪಾಠಕ್ಕೆ ಅವನ್ನೇ ತೋರಿಸಿದೆ. ಹೂವನ್ನು ನೀರಲ್ಲಿ ನೆನೆಸಿ, ದಳ ಬಿಡಿಸಿ, ಭೂತಗನ್ನಡಿಯ ಕೆಳಗೆ ಶಲಾಕೆಯನ್ನು, ಅಂದರೆ ಹೂವಿನೊಳಗೆ ಎಳೆಗಾಯಿಯ ತುದಿಯಿಂದ ಎದ್ದ ಸಣ್ಣ ಕಡ್ಡಿಯನ್ನು, ನೋಡಿದರೆ ಎರಡು ಕುಲಗಳ ಗುರುತು ಅಲ್ಲೇ ಸಿಗುತ್ತದೆ. ಲ್ಯಾಥಿರಸ್ಸಿನ ಶಲಾಕೆ ಚಪ್ಪಟೆ, ಒಂದೇ ಮಗ್ಗುಲಿಗೆ ಸಾಲಾಗಿ ರೋಮ, ಥೇಟ್ ಹಲ್ಲುಜ್ಜುವ ಬ್ರಷ್. ವಿಸಿಯಾದ್ದು ದುಂಡಗೆ, ತುದಿಯ ಹತ್ತಿರ ಒಂದು ಕುಚ್ಚು. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಭಿಲಾಯಿಯಲ್ಲಿ ತಂಗಿಯ ಕ್ವಾರ್ಟರ್ಸಿನ ಹಿತ್ತಲಿಗೆ ವಾರಕ್ಕೆರಡು ಸಲ ಒಬ್ಬರು ತೋಟದ ಕೆಲಸಕ್ಕೆ ಬರುತ್ತಿದ್ದರು. ಮಧ್ಯಪ್ರದೇಶದ ರೀವಾ ಕಡೆಯವರು, ಐವತ್ತರ ಆಸುಪಾಸು. ಕೈಯಲ್ಲಿ ತಲೆಯೆತ್ತರದ ಬಿದಿರು ಕೋಲು. ಅದನ್ನು ಮುಂದೆ ಊರಿ, ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡಡ್ಡ ಎಳೆದು, ಹಿಮ್ಮಡಿ ನೆಲಕ್ಕೆ ತಾಗದ ಹಾಗೆ ತುದಿಗಾಲಲ್ಲಿ ನಡೆಯುತ್ತಿದ್ದರು, ಕತ್ತರಿ ಆಡಿದ ಹಾಗೆ. ಬಾಗಿಲಲ್ಲಿ ಬಿಟ್ಟ ಅವರ ಚಪ್ಪಲಿ ನೋಡಿದೆ. ಹಿಮ್ಮಡಿಯ ಕಡೆ ಹೊಸದರಂತೆ ಇತ್ತು. ಹೆಬ್ಬೆರಳ ಕಡೆ ಸವೆದು ತೂತು. ತೊಡೆ, ಮೀನಖಂಡ ಗಟ್ಟಿಯಾಗೇ ಇದ್ದವು, ಕೈಗಳಲ್ಲಿ ನನಗಿಂತ ಹೆಚ್ಚು ಶಕ್ತಿ. ನೆಲದಲ್ಲಿ ಕೂತು ಸನಿಕೆ ಹಿಡಿದರೆ ಅವರಿಗೆ ಏನೂ ಆಗಿಲ್ಲ ಅನಿಸುತ್ತಿತ್ತು. ಏಳುವಾಗ ಮಾತ್ರ ತಿಳಿಯುತ್ತಿತ್ತು.

ಹುಡುಗನಾಗಿದ್ದಾಗ ಅವರ ಮನೆಯವರೆಲ್ಲ ಒಬ್ಬ ಜಮೀನುದಾರನಲ್ಲಿ ಜೀತಕ್ಕಿದ್ದರಂತೆ. ಕೂಲಿ ದುಡ್ಡಿನಲ್ಲಿ ಇಲ್ಲ, ಕಾಳಿನಲ್ಲಿ. ಗೋಧಿ ಮಾರಾಟಕ್ಕೆ, ಜೀತದವರಿಗೆ ಕೇಸರಿ. ಮಳೆ ಕೈಕೊಟ್ಟ ವರ್ಷ ಬೇರೇನೂ ಬೆಳೆಯಲಿಲ್ಲ. ಕೇಸರಿ ಹಿಟ್ಟಿನ ರೊಟ್ಟಿ ಬೆಳಿಗ್ಗೆ, ಕೇಸರಿ ಬೇಳೆ ರಾತ್ರಿ, ಹೀಗೆ ಮೂರು ನಾಲ್ಕು ತಿಂಗಳು. ಒಂದು ಬೆಳಿಗ್ಗೆ ಹೊಲಕ್ಕೆ ಹೊರಟವರಿಗೆ ಮೊಣಕಾಲು ಬಿಗಿದು ನಡುಗಿತು. ಆ ದಿನದಿಂದ ಈ ಕೋಲು. ಊರಲ್ಲಿ ಒಂದು ಕೋಲಿನವರು, ಎರಡು ಕೋಲಿನವರು, ತೆವಳುವವರು ಅಂತ ಎಲ್ಲ ತರದವರೂ ಇದ್ದರು ಎಂದರು. ವೈದ್ಯರು ಈ ರೋಗಕ್ಕೆ ಲ್ಯಾಥಿರಿಸಂ ಅನ್ನುತ್ತಾರೆ. ಮಿದುಳಿನಿಂದ ಕಾಲಿಗೆ ಆಜ್ಞೆ ಒಯ್ಯುವ ನರಗಳು ಸಾಯುತ್ತವೆ. ಸ್ಪರ್ಶಕ್ಕೆ, ಬುದ್ಧಿಗೆ ಏನೂ ಆಗುವುದಿಲ್ಲ. ಹೆಚ್ಚಾಗಿ ಬೀಳುವವರು ದುಡಿಯುವ ವಯಸ್ಸಿನ ಗಂಡುಮಕ್ಕಳು. ಕೇಸರಿ ತಿನ್ನುವುದು ಬಿಟ್ಟರೆ ರೋಗ ಮುಂದಕ್ಕೆ ಹೋಗುವುದಿಲ್ಲ, ಹೋದ ಕಾಲು ಮರಳಿ ಬರುವುದೂ ಇಲ್ಲ.

ನಾನು ಒತ್ತಿಡುವ ಮೊದಲು ಎರಡು ಗಿಡಗಳನ್ನೂ ಅವರ ಮುಂದೆ ಹಿಡಿದೆ. ಅವರು ನೀಲಿ ಹೂವಿನ ಗಿಡದ ಕಾಂಡವನ್ನು ಎರಡು ಬೆರಳಲ್ಲಿ ಹೊರಳಿಸಿ ನೋಡಿ, 'ಇದೇ' ಎಂದರು. ಇನ್ನೊಂದನ್ನು ತೋರಿಸಿ, 'ಇದು ಅಕ್ರಿ, ದನಕ್ಕೆ ಹಾಕುತ್ತೇವೆ' ಎಂದರು. ಅಷ್ಟು ಹೇಳಲು ಅವರಿಗೆ ಅರೆ ಗಳಿಗೆಯೂ ಬೇಕಾಗಲಿಲ್ಲ.

ವಿಜ್ಞಾನಕ್ಕೆ ಬಹಳ ಕಾಲ ಬೇಕಾಯಿತು. ಕೇಸರಿ ತಿಂದವರ ಕಾಲು ಹೋಗುತ್ತದೆ ಎಂಬುದು ಹಳೆಯ ಅನುಭವವೇ. ಜರ್ಮನಿಯ ವುರ್ಟೆಂಬರ್ಗಿನ ಡ್ಯೂಕ್ 1671ರಲ್ಲೇ ಇದರ ಹಿಟ್ಟಿನ ಬಳಕೆ ನಿಷೇಧಿಸಿದ್ದ. 1830ರ ದಶಕದ ಆರಂಭದಲ್ಲಿ ಸಾಗರ ಜಿಲ್ಲೆಯ ಹಳ್ಳಿಗಳಲ್ಲಿ (ನಮ್ಮ ಶಿವಮೊಗ್ಗದ ಸಾಗರವಲ್ಲ, ಮಧ್ಯಪ್ರದೇಶದ್ದು) ಗೋಧಿ, ಕಡಲೆ ಹಾಳಾಗಿ ಜನ ಇದನ್ನೇ ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡದ್ದನ್ನು ಬ್ರಿಟಿಷ್ ಅಧಿಕಾರಿ ಸ್ಲೀಮನ್ ಬರೆದಿಟ್ಟಿದ್ದಾನೆ. ಹಾಗಿದ್ದೂ 1925ರಲ್ಲಿ ಆಂಡರ್ಸನ್, ಹೊವಾರ್ಡ್, ಸೈಮನ್ಸನ್ ಎಂಬ ಮೂವರು ವಿಜ್ಞಾನಿಗಳು ಬೇರೆಯೇ ತೀರ್ಮಾನಕ್ಕೆ ಬಂದರು. ಇವರಲ್ಲಿ ಹೊವಾರ್ಡ್ ಎಂದರೆ ಸಾವಯವ ಕೃಷಿಕರೆಲ್ಲ ಗೌರವದಿಂದ ನೆನೆಯುವ ಆಲ್ಬರ್ಟ್ ಹೊವಾರ್ಡ್. ಅವರು ಕೇಸರಿ ಕಾಳನ್ನೂ ಅದರಲ್ಲಿ ಬೆರೆತ ಅಕ್ಟಾ ಕಾಳನ್ನೂ ಬೇರೆ ಮಾಡಿ ಬಾತುಕೋಳಿಗಳಿಗೆ, ಕೋತಿಗಳಿಗೆ ತಿನ್ನಿಸಿದರು. ಶುದ್ಧ ಕೇಸರಿ ತಿಂದವು ಚೆನ್ನಾಗಿದ್ದವು, ಅಕ್ಟಾ ತಿಂದವಕ್ಕೆ ತೊಂದರೆಯಾಯಿತು. ಹಾಗಾದರೆ ದೋಷ ಕೇಸರಿಯದಲ್ಲ, ಬೆರೆತ ವೆಚ್ಚಿನದು ಎಂದರು. ಪ್ರಯೋಗ ಪ್ರಾಮಾಣಿಕವಾದದ್ದೇ. ಆದರೆ ಕೇಸರಿಯ ವಿಷ ಪ್ರಯೋಗಶಾಲೆಯ ಬೆಳೆದ ಪ್ರಾಣಿಗಳ ಮೇಲೆ ಸುಲಭಕ್ಕೆ ಕಾಣಿಸಿಕೊಳ್ಳುವುದಿಲ್ಲ, ಮನುಷ್ಯರಲ್ಲೂ ತಿಂಗಳುಗಟ್ಟಲೆ ಅದೇ ಮುಖ್ಯ ಆಹಾರವಾದಾಗಲೇ ಎದ್ದು ಬರುವುದು. ಹೀಗಾಗಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಕಳೆ ತೆಗೆದು ಶುದ್ಧ ಮಾಡಿದ ಕೇಸರಿ ನಿರಪಾಯ ಎಂಬ ನಂಬಿಕೆಗೆ ದೊಡ್ಡವರ ಹೆಸರಿನ ಬಲ ಸಿಕ್ಕಿತು. 1962ರಲ್ಲಿ ಅಮೆರಿಕದ ಷಾರ್ಲಟ್ ರೆಸ್ಲರ್ ವೆಚ್ ಕಾಳಿನಿಂದ ಬೀಟಾ ಸಯನೋ ಅಲನೀನ್ ಎಂಬ ನರವಿಷವನ್ನು ಬೇರ್ಪಡಿಸಿದಾಗಲೂ ಲ್ಯಾಥಿರಿಸಂಗೆ ಇದೇ ಕಾರಣವಿರಬಹುದೇ ಎಂಬ ಮಾತು ನಡೆದಿತ್ತು.

ಈ ಗೊಂದಲಕ್ಕೆ ತೆರೆ ಬಿದ್ದದ್ದು ನಮ್ಮ ಬೆಂಗಳೂರಿನಿಂದ. 1964ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ, ಪಿ.ಎಸ್. ಶರ್ಮ ಅವರು ಕೇಸರಿ ಕಾಳಿನಿಂದಲೇ ಒಂದು ಅಮೈನೋ ಆಮ್ಲವನ್ನು ಶುದ್ಧರೂಪದಲ್ಲಿ ತೆಗೆದು, ಅದರ ರಚನೆ ತಿಳಿಸಿದರು. ಎಳೆಯ ಕೋಳಿಮರಿಗಳಲ್ಲಿ ಅದು ನರಕ್ಕೆ ಹಾನಿ ಮಾಡುವುದನ್ನು ತೋರಿಸಿದರು. ಆ ಆಮ್ಲವನ್ನು ಈಗ ಒಡ್ಯಾಪ್ ಎಂದು ಕರೆಯುತ್ತಾರೆ. ದೆಹಲಿಯಲ್ಲೂ ಅದೇ ವರ್ಷ ಇನ್ನೊಂದು ತಂಡ ಅದನ್ನೇ ಕಂಡುಹಿಡಿಯಿತು. 1925ರ ಮೂವರಲ್ಲಿ ಒಬ್ಬರಾದ ಸೈಮನ್ಸನ್ ಆಮೇಲೆ ಕೆಲವು ವರ್ಷ ಇದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಕಾಲದ ತಪ್ಪನ್ನು ಅದೇ ಸಂಸ್ಥೆಯ ಮುಂದಿನ ತಲೆಮಾರು ತಿದ್ದಿತು. ನಿಮ್ಮ ಲೇಖನ ಕೇಸರಿ ವಿಷದ ಬಗ್ಗೆ ಎರಡು ಅಂಕಣ ಬರೆದೂ ರಾವ್, ಅಡಿಗ, ಶರ್ಮ ಅವರ ಹೆಸರನ್ನು ಒಂದು ಸಾಲಿನಲ್ಲೂ ಹೇಳಿಲ್ಲ ಎಂಬುದು ನನಗೆ ಚಿತ್ರದಷ್ಟೇ ನೋವು ಕೊಟ್ಟಿತು. ಕರ್ನಾಟಕದ ಮಕ್ಕಳು ಇದನ್ನು ತಿಳಿದಿರಬೇಕು.

ಹಾಗೆಂದು ವೆಚ್ ಮುಗ್ಧ ಗಿಡ ಎನ್ನುತ್ತಿಲ್ಲ. ಅದರದು ಬೇರೆ ವಿಷ, ಬೇರೆ ಕಥೆ. ಅದರ ಕಾಳು ಕೋಳಿಗೆ, ಹಂದಿಗೆ ಆಗಿಬರುವುದಿಲ್ಲ. ಸೊಪ್ಪು ದನಕ್ಕೆ ಒಳ್ಳೆಯ ಮೇವು, ನೆಲಕ್ಕೆ ಹಸಿರೆಲೆ ಗೊಬ್ಬರ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ಆ ಗುಣ ಎರಡಕ್ಕೂ ಇದೆ. ಅಡುಗೆಮನೆಯ ಮಟ್ಟಿಗೆ ವೆಚ್ಚಿನ ಅಪಾಯ ಮಸೂರದ ಹೆಸರಲ್ಲಿ ಬರುತ್ತದೆ. ಬ್ಲಾಂಚ್ ಫ್ಲರ್ ಎಂಬ ವೆಚ್ ತಳಿಯ ಕಾಳಿನ ಒಳಗು ಕಿತ್ತಳೆ ಬಣ್ಣ. ಸಿಪ್ಪೆ ತೆಗೆದು ಒಡೆದರೆ ಥೇಟ್ ಕೆಂಪು ಮಸೂರ ಬೇಳೆ. ಅಗ್ಗಕ್ಕೆ ಸಿಗುವ ಅದನ್ನು ಆಸ್ಟ್ರೇಲಿಯಾದಿಂದ ತರಿಸಿ ಮಸೂರದ ಬದಲು ಮಾರುತ್ತಿದ್ದಾರೆಂದು ಅಡಿಲೇಡಿನ ಟೇಟ್ ಮತ್ತು ಎನ್ನೆಕಿಂಗ್ ಎಂಬ ವಿಜ್ಞಾನಿಗಳು 1992ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ತಮ್ಮದೇ ದೇಶದ ರಫ್ತಿನ ವಿರುದ್ಧ ಬರೆದ ಅವರ ಧೈರ್ಯ ನನಗೆ ದೊಡ್ಡದು. ಕೇಸರಿಯ ಒಳಗು ಹಳದಿ. ಅದು ಬೆರೆಯುವುದು ತೊಗರಿ ಬೇಳೆಗೆ, ಕಡಲೆ ಬೇಳೆಗೆ, ಕಡಲೆ ಹಿಟ್ಟಿಗೆ. ಲೇಖನದಲ್ಲಿ ಎರಡನ್ನೂ ಕಲಸಿ 'ಮಸೂರಕ್ಕೂ ಕೇಸರಿ' ಎಂದು ಬರೆದಿರುವುದಕ್ಕೆ ಬಹುಶಃ ಆ ಚಿತ್ರದ ಗೊಂದಲವೇ ಮೂಲ.

ಗೃಹಿಣಿಯರಿಗೆ ಒಂದು ಗುರುತು ಹೇಳುತ್ತೇನೆ. ತೊಗರಿ ಬೇಳೆಯನ್ನು ಮೊರದಲ್ಲಿ ಹರಡಿ. ತೊಗರಿಯ ಹೋಳು ದುಂಡಗೆ ಬೊಟ್ಟಿನ ಹಾಗೆ ಇರುತ್ತದೆ. ಕೇಸರಿಯದು ಒಂದು ಕಡೆ ಓರೆಯಾಗಿ ಕತ್ತರಿಸಿದಂತೆ, ಮೂಲೆಯಿರುವ ಚೌಕ. ಕಣ್ಣಿಗೆ ಅಭ್ಯಾಸವಾದರೆ ಸರಿಸಿ ಆರಿಸಬಹುದು. ಬೇಳೆಗೆ ಆಮ್ಲ ಹಾಕಿ ಕಾಯಿಸಿ, ಗುಲಾಬಿ ಬಣ್ಣ ಬಂದರೆ ಕೇಸರಿ ಇದೆ ಎಂದು ತಿಳಿಯುವ ಪರೀಕ್ಷೆ ನೀವು ಕೊಟ್ಟಿದ್ದೀರಿ. ಅದರಲ್ಲಿ ಒಂದು ಮಾತು ಬಿಟ್ಟಿದೆ. ಕಾಯಿಸುವ ಮೊದಲೇ ತಟ್ಟನೆ ಗುಲಾಬಿಯಾದರೆ ಅದು ಮೆಟಾನಿಲ್ ಯೆಲ್ಲೋ ಎಂಬ ಬಣ್ಣದ ಕಲಬೆರಕೆಯೂ ಇರಬಹುದು.

ಇನ್ನೂ ಒಂದು ವಿಷಯಕ್ಕೆ ನನ್ನ ತಕರಾರಿದೆ. ಲೇಖನದ ಕೊನೆಯಲ್ಲಿ 'ಈ ವಿಷದ ಬೆಳೆಯನ್ನು ಬೇರುಸಹಿತ ನಿರ್ನಾಮ ಮಾಡಬೇಕು' ಎಂದಿದೆ. 1961ರಲ್ಲಿ ಕೇಂದ್ರದ ನಿಯಮ ಮಾರಾಟವನ್ನು ನಿಷೇಧಿಸಿದ ಮೇಲೂ ಮಧ್ಯಪ್ರದೇಶ, ಬಿಹಾರ, ಪಶ್ಚಿಮ ಬಂಗಾಳದಲ್ಲಿ ಅದು ಬೆಳೆಯುತ್ತಲೇ ಬಂತು. ಏಕೆ ಬಂತು ಎಂದು ನಾನು ಆ ಗದ್ದೆಯಲ್ಲಿ ನೋಡಿದ್ದೇನೆ. ನೀರು ನಿಂತರೂ ಸಾಯದ, ಬರ ಬಿದ್ದರೂ ಸಾಯದ ಗಿಡ ಅದು. ಬರಗಾಲದಲ್ಲಿ ಎಲ್ಲ ಬೆಳೆ ಹೋದ ಮೇಲೆ ಇದೊಂದು ಉಳಿಯುವುದರಿಂದಲೇ ಜನ ಇದನ್ನೇ ತಿನ್ನಬೇಕಾಗಿ ಬಂತು. ಬಿಸಿನೀರಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ವಿಷದ ದೊಡ್ಡ ಪಾಲು ಹೋಗುತ್ತದೆ. ಬರದ ವರ್ಷ ಚೆಲ್ಲಲು ನೀರೆಲ್ಲಿ, ಕಾಯಿಸಲು ಕಟ್ಟಿಗೆಯೆಲ್ಲಿ? ವಿಷ ಬಹಳ ಕಡಿಮೆಯಿರುವ ರತನ್, ಪ್ರತೀಕ್, ಮಹಾತಿವ್ರಾ ತಳಿಗಳನ್ನು ದೆಹಲಿ ಮತ್ತು ರಾಯಪುರದ ವಿಜ್ಞಾನಿಗಳು ಬೆಳೆಸಿದ್ದಾರೆ. ರೀವಾದ ಆ ಮನುಷ್ಯನ ಕಾಲು ಕಸಿದದ್ದರಲ್ಲಿ ಕಾಳಿನ ಪಾಲೂ ಇದೆ, ಕೂಲಿಗೆ ಬೇರೇನನ್ನೂ ಕೊಡದವನ ಪಾಲೂ ಇದೆ. ಗಿಡವನ್ನು ಮಾತ್ರ ಕಿತ್ತೆಸೆಯಿರಿ ಎಂದು ಬರೆಯುವುದು ನನಗೆ ಸರಿ ಕಾಣಲಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ಸರಿಯಾದ ಚಿತ್ರ ಹಾಕಿ. ಆಗುವುದಾದರೆ ಎರಡನ್ನೂ ಪಕ್ಕಪಕ್ಕದಲ್ಲಿ ಹಾಕಿ, ಕೆಳಗೆ ಎರಡರ ಹೆಸರನ್ನೂ ಬರೆಯಿರಿ. ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಸಾಲದು, ಆ ಚಿತ್ರ ಕತ್ತರಿಸಿ ಶಾಲೆಯ ಬೋರ್ಡಿಗೆ ಅಂಟಿಸಿದವರು ಅದನ್ನು ನೋಡುವುದಿಲ್ಲ. ನಮ್ಮ ಬೀದಿಯ ಶಾಲೆಯಲ್ಲೇ ಅಂಟಿಸಿದ್ದಾರೆ, ನಿನ್ನೆ ಹೋಗಿ ಶಿಕ್ಷಕಿಗೆ ಹೇಳಿ ಬಂದೆ.

ಚಿತ್ರ ಸಿಗದಿದ್ದರೆ ನನ್ನಲ್ಲಿರುವ ಎರಡು ಹಾಳೆಗಳನ್ನು ಕೊಡಲು ಸಿದ್ಧಳಿದ್ದೇನೆ. ನಿಮ್ಮ ಸ್ಥಳೀಯ ವರದಿಗಾರರು ಬಂದರೆ ಫೋಟೊ ತೆಗೆದುಕೊಳ್ಳಬಹುದು. ಕೇಸರಿ ಹೂವಿನ ನೀಲಿ ಇಷ್ಟು ವರ್ಷದಲ್ಲಿ ಮಾಸಿ ಕಾಗದದ ಬಣ್ಣಕ್ಕೆ ಬಂದಿದೆ. ಕಾಂಡದ ರೆಕ್ಕೆ, ಒಂದೇ ಜೊತೆ ಕಿರುಎಲೆ ಮಾತ್ರ ಈಗಲೂ ಸ್ಪಷ್ಟವಾಗಿ ಕಾಣುತ್ತವೆ.

ಇಂತಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ,
ಹಾವೇರಿ